ರಾವೂರಿನಲ್ಲಿ ಒಬ್ಬನಿಗೆ ಮಾತ್ರ ಕಚಗುಳಿಯಾಯಿತು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಜನರ ಅಂಗಾಲಿಗೆ ಕೋಳಿಪುಕ್ಕ ಆಡಿಸಿ ಸರ್ಕಾರದ ಸಂಬಳ ತಿಂದಿದ್ದೇನೆ. ಹೀಗೆ ಹೇಳಿದರೆ ನಮ್ಮ ಬೀಗರಿಗೆ ಸಿಟ್ಟು ಬರುತ್ತದೆ. ನಾಲ್ಕು ಜನರ ಮುಂದೆ ನನ್ನನ್ನು ಪರಿಚಯಿಸುವಾಗ ಅವರು ಆರೋಗ್ಯ ಖಾತೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು ಎಂದೇ ಹೇಳುವುದು. ಹುದ್ದೆ ಅಷ್ಟೇನೂ ದೊಡ್ಡದಲ್ಲ. ಕುಷ್ಠರೋಗವನ್ನು ಹುಡುಕಿ ಹಿಡಿಯುವ ಕ್ಷೇತ್ರ ಸಹಾಯಕ ನಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ತಿರುಗಿ, ಮೈಮೇಲೆ ತಿಳಿಬಣ್ಣದ ಮಚ್ಚೆ ಇದೆಯೇ, ಅದರ ಮೇಲೆ ಮುಟ್ಟಿದರೆ ತಿಳಿಯುತ್ತದೆಯೇ, ಕೈಕಾಲು ಜೋಮು ಹಿಡಿದಿವೆಯೇ ಎಂದು ನೋಡುವುದು ಕೆಲಸ. ರೋಗದ ಹೆಸರನ್ನು ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತೊಗಲು ತಪಾಸಣೆ ಎನ್ನುತ್ತಿದ್ದೆವು. ಜನ ನನಗೆ ಇಟ್ಟ ಹೆಸರು ಪುಕ್ಕದ ಸಾಬ.

ಈಗ ಈ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತರಬೇತಿಯ ಪುಸ್ತಕದಲ್ಲಿ ಇರುವುದನ್ನು ನೀವು ಅಲ್ಲೇ ಓದಿಕೊಳ್ಳಿ. ನನ್ನ ಬಡ್ತಿಯ ಸುದ್ದಿಯೂ ನಿಮಗೆ ಬೇಡ. ಬಡ್ತಿ ಎರಡು ಸಲ ಬಂತು, ಎರಡೂ ಸಲ ಕುರ್ಚಿ ಬದಲಾಯಿತು, ಎರಡನೆಯ ಕುರ್ಚಿಗೆ ಮೂರೇ ಕಾಲಿದ್ದವು. ಹೇಳಬೇಕಾಗಿರುವುದು ನಾನು ಮಾಡಿದ ಒಂದು ತಪ್ಪನ್ನು. ಅದರಿಂದ ಭೀಮಶಾ ಎಂಬ ಕಲ್ಲು ಕೆಲಸದವನ ಎಡಗಾಲು ಹೋಗುವುದರಲ್ಲಿತ್ತು.

ನನ್ನ ಮೊದಲ ಮೇಲಧಿಕಾರಿ ಒಬ್ಬ ವೈದ್ಯೆ. ಹೆಸರು ಬರೆದರೆ ಇವತ್ತಿಗೂ ಫೋನು ಮಾಡಿ ಬಯ್ಯುವವರು, ಆದ್ದರಿಂದ ಡಾಕ್ಟರಮ್ಮ ಎಂದಷ್ಟೇ ಬರೆಯುತ್ತೇನೆ. ಕೆಲಸಕ್ಕೆ ಸೇರಿದ ದಿನ ಅವರು ನನ್ನನ್ನೇ ಬೆಂಚಿನ ಮೇಲೆ ಕೂರಿಸಿ, ಚಪ್ಪಲಿ ಬಿಡಿಸಿ, ಕಣ್ಣು ಮುಚ್ಚಿಸಿ ಪಾಠ ಮಾಡಿದರು. ಮುಟ್ಟಿದ ಕೂಡಲೇ ಆ ಜಾಗವನ್ನು ಬೆರಳಿನಿಂದ ತೋರಿಸಬೇಕು. ಅವರು ಹತ್ತಿಯ ಎಳೆಯಿಂದ ಅಂಗಾಲು ಸವರಿದ್ದೇ ತಡ, ನಾನು ಬೆಂಚಿನಿಂದ ಕೆಳಗೆ ಬಿದ್ದೆ. ಡಾಕ್ಟರಮ್ಮ ನಗಲಿಲ್ಲ. ಮೂರು ಮಾತು ಹೇಳಿದರು. ನೋಡಿಸಿಕೊಳ್ಳುವವರ ಕಣ್ಣು ಮುಚ್ಚಿರಬೇಕು. ಮುಟ್ಟುವವರು ನೀವೇ ಆಗಿರಬೇಕು. ತಿಳಿಯಿತೇ ಎಂದು ಕೇಳಬಾರದು, ಕೇಳಿದರೆ ಜನ ಮರ್ಯಾದೆಗಾದರೂ ಹೌದು ಎನ್ನುತ್ತಾರೆ. ನಾನು ಮೂರನ್ನೂ ಡೈರಿಯಲ್ಲಿ ಬರೆದುಕೊಂಡೆ. ಎರಡನೆಯದು ನನಗೆ ಅಂಥ ಮಹತ್ವದ್ದಾಗಿ ಕಾಣಲಿಲ್ಲ.

ಪುಕ್ಕ ನನ್ನದೇ ಸೇರ್ಪಡೆ. ಹತ್ತಿ ತೆಗೆದರೆ ಜನ ಸೂಜಿ ಚುಚ್ಚುತ್ತಾರೆಂದು ತೋಳು ಮುಚ್ಚಿಕೊಳ್ಳುತ್ತಿದ್ದರು. ಶಹಾಬಾದಿನ ಕೋಳಿ ಅಂಗಡಿಯಿಂದ ಪುಕ್ಕ ತಂದು, ತೊಳೆದು, ಬಿಸಿಲಿಗೆ ಒಣಗಿಸಿ ಜೇಬಿಗೆ ಸಿಕ್ಕಿಸಿಕೊಂಡು ಹೋದೆ. ಪುಕ್ಕ ಕಂಡರೆ ಯಾರೂ ಹೆದರುವುದಿಲ್ಲ. ನಕ್ಕವರು ಆಮೇಲೆ ಹೇಳಬೇಕಾದ್ದನ್ನೂ ಹೇಳುತ್ತಾರೆ. ಶಹಾಬಾದಿನಲ್ಲಿ ಉರ್ದು ಆಡುವ ನಮ್ಮ ಮಂದಿ ಗುದಗುಲಿ ಎಂದು ನಗುತ್ತಿದ್ದರು, ಚಿಂಚೋಳಿಯ ಗಡಿಯಲ್ಲಿ ತೆಲುಗಿನವರು ಕಿತಕಿತಲು ಎಂದು ನಗುತ್ತಿದ್ದರು. ಹೆಸರು ಯಾವುದಾದರೇನು, ಕಾಲು ಎಳೆದುಕೊಳ್ಳುವ ರೀತಿ ಎಲ್ಲ ಕಡೆಯೂ ಒಂದೇ.

ಚಿಮ್ಮನಚೋಡದಲ್ಲಿ ನಡೆದದ್ದೊಂದನ್ನು ಇಲ್ಲೇ ಹೇಳಿಬಿಡಬೇಕು. ಊರ ಶಾಲೆಯಲ್ಲಿ ತಪಾಸಣೆ ಇಟ್ಟಿದ್ದೆವು. ತೊಗರಿ ಹೊಲದಿಂದ ನೇರವಾಗಿ ಬಂದ ಒಬ್ಬ ಹೆಂಗಸು ಹೊಟ್ಟೆನೋವು ಎಂದಳು. ಡಾಕ್ಟರಮ್ಮ ಅವಳನ್ನು ಮೇಜಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಲು ಹೋದರೆ ಅವಳು ನಗಲು ಶುರುಮಾಡಿದಳು. ಕೈ ಇನ್ನೂ ಗೇಣುದ್ದ ದೂರ ಇರುವಾಗಲೇ ನಗುತ್ತಿದ್ದಳು. ನಗುತ್ತ ಹೊಟ್ಟೆ ಬಿಗಿಹಿಡಿದರೆ ಒಳಗೆ ಏನಿದೆ ಎಂದು ಯಾರಿಗೂ ತಿಳಿಯದು. ಅವಳ ಅತ್ತೆಗೆ ಸಿಟ್ಟು, ಹೊರಗೆ ಸಾಲಿನಲ್ಲಿದ್ದವರಿಗೆ ತಮಾಷೆ. ಡಾಕ್ಟರಮ್ಮ ಅವಳದೇ ಕೈಯನ್ನು ತೆಗೆದು ಅವಳ ಹೊಟ್ಟೆಯ ಮೇಲಿಟ್ಟು, ಆ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತುತ್ತ ಹೋದರು. ನಗು ನಿಂತಿತು. ಬಲಗಡೆ ಕೆಳಗೆ ಬಂದಾಗ ಅವಳು, ಇಲ್ಲೇ ನೋಡ್ರಿ, ಎಂದು ಮುಖ ಕಿವುಚಿದಳು. ಸಂಜೆಯೊಳಗೆ ಅವಳನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದ್ದಾಯಿತು, ಗುಣವೂ ಆಯಿತು. ನಾನು ಅದನ್ನು ಕಣ್ಣಾರೆ ನೋಡಿದೆ, ಎಲ್ಲರ ಜೊತೆ ನಕ್ಕೆ, ಮರೆತೆ.

ಇದಾದ ಮುಂದಿನ ಬೇಸಿಗೆಯಲ್ಲಿ ರಾವೂರಿನ ಫರಸಿ ಖಣಿಯಲ್ಲಿ, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಗಣಿಯಲ್ಲಿ, ತಪಾಸಣೆ ಬಂತು. ನಮ್ಮ ಕಡೆಯ ಬಿಸಿಲು ಹೇಗಿರುತ್ತದೆಂದು ನಿಮಗೆ ಗೊತ್ತು. ಎಬ್ಬಿಸಿ ಹಾಸಿದ ಕಲ್ಲುಗಳ ಮೇಲೆ ಹನ್ನೊಂದು ಗಂಟೆಗೇ ರೊಟ್ಟಿ ಬೇಯುತ್ತದೆ. ಕೆಲಸದವರೆಲ್ಲ ಬೇವಿನ ಮರದ ಕೆಳಗೆ ಸೇರಿದ್ದರು. ನಾಲ್ಕು ಜನ ಒಂದು ತಂಡವಾಗಿ ಚಪ್ಪಡಿ ಎತ್ತಿ ತಿರುವುವುದು ಅಲ್ಲಿನ ಪದ್ಧತಿ. ಮುಂದಿನ ಮೂಲೆ ಹಿಡಿಯುವವನ ಕಾಲಿನ ಮೇಲೆ ಉಳಿದ ಮೂವರ ಜೀವ ನಿಂತಿರುತ್ತದೆ. ಒಂದು ತಂಡದಲ್ಲಿ ಆ ಮೂಲೆಯವನು ಭೀಮಶಾ. ದಂಡೋತಿಯವನು, ಇಪ್ಪತ್ತೈದರ ಆಸುಪಾಸಿನ ಗಟ್ಟಿ ಆಳು. ಉಳಿದವರು ಹಳೆ ಟೈರಿನ ಚಪ್ಪಲಿ ಹಾಕಿಕೊಂಡೂ ಕುಣಿದುಕೊಂಡು ಬರುತ್ತಿದ್ದರೆ ಇವನು ಆ ಸುಡುವ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಧಾನವಾಗಿ ನಡೆದು ಬಂದ. ಖಣಿಯ ಮೇಸ್ತ್ರಿ ನನ್ನ ಕಡೆ ತಿರುಗಿ, ಹೆಮ್ಮೆಯಿಂದ, ಇವಂದು ಲೋಖಂಡದ ಕಾಲ ಅದಾವ್ರಿ, ಎಂದ. ಕಬ್ಬಿಣದ ಕಾಲೇ ಸರಿ ಎಂದು ನಾನೂ ತಲೆದೂಗಿದೆ. ನನ್ನ ಕೆಲಸವೇ ಅಂಥ ಕಾಲುಗಳನ್ನು ಹುಡುಕುವುದು, ನಾನು ತಲೆದೂಗಿದೆ.

ಮೊದಲು ಕೂತವನು ಒಬ್ಬ ಮುದುಕ. ಅವನ ಕಾಲಿಗೆ ಕೈ ಹಾಕಲು ಹೋದೆ. ಅವನು ಎರಡೂ ಕಾಲನ್ನು ಧೋತರದೊಳಗೆ ಸೇರಿಸಿಕೊಂಡುಬಿಟ್ಟ.

“ಸಾಬ್ರ, ಆಫೀಸರ್ ಮಂದಿ ಕೈಲೆ ಕಾಲ ಮುಟ್ಟಿಸ್ಕೊಂಡ್ರ ಆ ಪಾಪ ನಾ ಎಲ್ಲಿ ಇಳಸ್ಲಿ?” ಎಂದ.

ಅವನ ಹಿಂದಿನವನೂ ಕಾಲು ಮುಚ್ಚಿದ, ಅವನ ಹಿಂದಿನವನೂ. ಹಳ್ಳಿಯ ಮನೆಗಳಲ್ಲಿ ಒಬ್ಬಿಬ್ಬರನ್ನು ಒಪ್ಪಿಸಬಹುದಿತ್ತು, ಇಲ್ಲಿ ನಲವತ್ತೊಂದು ಮಂದಿ ಒಟ್ಟಿಗೆ ಕಾಲು ಮಡಚಿ ಕೂತಿದ್ದರು. ಅವರ ಮರ್ಯಾದೆಗೂ ಧಕ್ಕೆಯಾಗಬಾರದು, ವಾಡಿಗೆ ಹೋಗುವ ಬಸ್ಸೂ ತಪ್ಪಬಾರದು. ನನಗೊಂದು ಭಾರಿ ಉಪಾಯ ಹೊಳೆಯಿತು. ಚೀಲದಲ್ಲಿದ್ದ ಪುಕ್ಕಗಳನ್ನೆಲ್ಲ ತೆಗೆದು ತಲೆಗೊಂದರಂತೆ ಹಂಚಿದೆ. ನಿಮ್ಮ ನಿಮ್ಮ ಅಂಗಾಲಿಗೆ ನೀವೇ ಆಡಿಸಿಕೊಳ್ಳಿ, ಕಚಗುಳಿ ಆದರೆ ಆಯಿತು ಅನ್ನಿ, ಆಗದಿದ್ದರೆ ಇಲ್ಲ ಅನ್ನಿ ಎಂದೆ. ಈ ಬುದ್ಧಿ ಡಾಕ್ಟರಮ್ಮನಿಗೇಕೆ ಹೊಳೆಯಲಿಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ನಲವತ್ತೊಂದು ಗಂಡಸರು ಬೇವಿನ ಮರದ ಕೆಳಗೆ ಗಂಭೀರವಾಗಿ ಕೂತು ತಮ್ಮ ತಮ್ಮ ಕಾಲಿಗೆ ಪುಕ್ಕ ಆಡಿಸಿಕೊಳ್ಳುವುದನ್ನು ನೀವು ನೋಡಬೇಕಿತ್ತು. ಮುದುಕ ಪಾತ್ರೆ ತಿಕ್ಕುವವನ ಹಾಗೆ ತಿಕ್ಕಿ, ಪುಕ್ಕ ಮುರಿದು, ಇನ್ನೊಂದು ಕೇಳಿದ. ನಾನು ರಿಜಿಸ್ಟರು ಹಿಡಿದು ಸಾಲಿನ ಉದ್ದಕ್ಕೂ ನಡೆದೆ. ಮೊದಲನೆಯವನು ಇಲ್ಲ ಎಂದ. ಎರಡನೆಯವನು ಇಲ್ಲ ಎಂದ. ಹತ್ತನೆಯವನೂ ಇಲ್ಲ ಎಂದ. ಇಪ್ಪತ್ತು ದಾಟಿದ ಮೇಲೆ ಮೇಸ್ತ್ರಿ ನನ್ನಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತ. ಇಡೀ ಖಣಿಗೇ ಆ ರೋಗ ಎಂಬ ಗುಸುಗುಸು ಮರದ ಕೆಳಗೇ ಹುಟ್ಟಿಕೊಂಡಿತು.

ಆಗ ನನ್ನ ಎದೆಯ ಭಾರ ಇಳಿಸಿದವನು ಭೀಮಶಾ. ಅವನು ಎಡಗಾಲಿಗೆ ಪುಕ್ಕ ಆಡಿಸಿಕೊಂಡು ದೊಡ್ಡದಾಗಿ ನಕ್ಕ, ಕಾಲು ಝಾಡಿಸಿದ, “ಆಗ್ತದ್ರಿ ಸಾಬ್ರ, ಭಾಳ ಆಗ್ತದ,” ಎಂದ. ಬಲಗಾಲಿಗೂ ಹಾಗೇ ನಕ್ಕ. ಅವನ ಹೆಸರಿನ ಮುಂದೆ ಸ್ಪಷ್ಟವಾಗಿ ‘ಉತ್ತಮ’ ಎಂದು ಬರೆದು ಅಡಿಗೆರೆ ಎಳೆದೆ. ನಲವತ್ತು ಇಲ್ಲಗಳ ನಡುವೆ ಅದೊಂದೇ ಹೌದು.

ಬಸ್ಸಿನಲ್ಲಿ ನನಗೆ ಬೆವರು. ಇಷ್ಟು ಜನ ರೋಗಿಗಳನ್ನು ಒಂದೇ ದಿನ ಹಿಡಿದ ಸಹಾಯಕ ಜಿಲ್ಲೆಯಲ್ಲೇ ಇರಲಾರ ಎಂಬ ಒಂದು ಕೆಟ್ಟ ಹೆಮ್ಮೆಯೂ ಇತ್ತು, ಸುಳ್ಳು ಏಕೆ ಹೇಳಲಿ. ಡಾಕ್ಟರಮ್ಮ ಪಟ್ಟಿ ನೋಡಿದರು, ಹೇಗೆ ಮಾಡಿದಿರಿ ಎಂದು ಕೇಳಿದರು, ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಅವರ ಹತ್ತಿರ ಸೇರಿದ ಮೇಲೆ ಅವರು ನಕ್ಕದ್ದು ಅದೇ ಮೊದಲು.

“ಚಿಮ್ಮನಚೋಡದಾಗ ನೋಡಿದ್ದು ಮರತ್ರೇನ್ರಿ ಸಾಬ್ರ?” ಎಂದರು. “ತಮ್ಮ ಕೈಲೆ ತಮಗ ಯಾರಿಗರೆ ಕಚಗುಳಿ ಆಗ್ತದೇನು?”

ಆ ಮಧ್ಯಾಹ್ನ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕೈ ಅಲುಗಬೇಕಾದರೆ ಮೆದುಳು ಕೈಗೆ ಹುಕುಂ ಕೊಡಬೇಕು. ಆ ಹುಕುಮಿನ ಒಂದು ನಕಲು ತಲೆಯ ಹಿಂಭಾಗದ ಕಿರುಮೆದುಳಿಗೂ ಹೋಗುತ್ತದೆ. ಇನ್ನೇನು ಇಂಥ ಜಾಗಕ್ಕೆ ಇಂಥ ಸ್ಪರ್ಶ ಬರಲಿದೆ ಎಂದು ಅದು ಮೊದಲೇ ಅಂದಾಜು ಮಾಡಿಟ್ಟುಕೊಂಡಿರುತ್ತದೆ. ಸ್ಪರ್ಶ ಬಂದಾಗ, ಇದು ನಮ್ಮದೇ, ಗದ್ದಲ ಬೇಡ ಎಂದು ಅದನ್ನು ತಗ್ಗಿಸಿಬಿಡುತ್ತದೆ. ಮುಟ್ಟಿದ್ದು ತಿಳಿಯುತ್ತದೆ, ಕಚಗುಳಿ ಆಗುವುದಿಲ್ಲ. ಬೇರೆಯವರ ಕೈ ಎಲ್ಲಿಗೆ ಯಾವಾಗ ಬರುತ್ತದೆಂದು ಅಂದಾಜು ಸಿಗುವುದಿಲ್ಲ, ಆದ್ದರಿಂದ ಮೈ ಎಗರುತ್ತದೆ. ಹೀಗಿಲ್ಲದಿದ್ದರೆ ನಮ್ಮ ತೋಳು ನಮ್ಮ ಪಕ್ಕೆಗೆ ತಾಗಿದಾಗಲೆಲ್ಲ ನಗುತ್ತ ಕೂರಬೇಕಾಗುತ್ತಿತ್ತು, ಕಲ್ಲಿನ ಕೆಳಗಿನಿಂದ ಚೇಳು ಹತ್ತಿದ್ದು ಗೊತ್ತೇ ಆಗುತ್ತಿರಲಿಲ್ಲ. ಚಿಮ್ಮನಚೋಡದ ಹೆಂಗಸಿನ ಕೈಯನ್ನು ಅವಳ ಹೊಟ್ಟೆಯ ಮೇಲಿಟ್ಟು ಡಾಕ್ಟರಮ್ಮ ಮಾಡಿದ್ದು ಮೆದುಳಿಗೆ ಇದು ನಿನ್ನದೇ ಕೈ ಎಂದು ನಂಬಿಸುವ ಕೆಲಸ. ನಾನು ರಾವೂರಿನಲ್ಲಿ ನಲವತ್ತು ಆರೋಗ್ಯವಂತರಿಂದ ನಿಜ ಹೇಳಿಸಿ ಅವರನ್ನು ರೋಗಿಗಳೆಂದು ಬರೆದುಕೊಂಡು ಬಂದಿದ್ದೆ.

ಮರುದಿನವೇ ಹೋಗಿ ತಪಾಸಣೆ ಮತ್ತೆ ಮಾಡಬೇಕೆಂದು ಆಜ್ಞೆಯಾಯಿತು. ಕಾಲು ಮುಟ್ಟಿಸಿಕೊಳ್ಳದವರನ್ನು ಏನು ಮಾಡಲಿ ಎಂದೆ. ನಿಮ್ಮ ತಲೆ ಉಪಯೋಗಿಸಿ ಎಂದರು, ನಿನ್ನೆಯ ತಲೆ ಬೇಡ ಎಂದೂ ಸೇರಿಸಿದರು. ಉಪಾಯವನ್ನು ನಾನು ದಾರಿಯಲ್ಲಿ ಕಂಡುಕೊಂಡೆ. ಆ ಮುದುಕನ ಮುಂದೆ ಕೂತು, ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇನೆ, ಹಿರಿಯರು ಆಶೀರ್ವಾದ ಮಾಡಬೇಕು ಎಂದೆ. ಆಶೀರ್ವಾದ ಕೇಳಿದವನಿಗೆ ಇಲ್ಲ ಎನ್ನುವುದು ಹೇಗೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ, ಕಣ್ಣು ತಾನಾಗಿಯೇ ಮುಚ್ಚಿದ, ನಾನು ಪುಕ್ಕ ಆಡಿಸಿದೆ. ಅವನು ನಕ್ಕ ನಗೆಗೆ ಮರದ ಮೇಲಿನ ಕಾಗೆಗಳು ಹಾರಿದವು. ಆಮೇಲೆ ಎಲ್ಲರೂ ಸಾಲಾಗಿ ಬಂದು ಆಶೀರ್ವಾದ ಮಾಡಿ ನಕ್ಕು ಹೋದರು. ನಲವತ್ತು ಮಂದಿಯೂ ಚೊಕ್ಕ. ಮೇಸ್ತ್ರಿ ಮತ್ತೆ ಹತ್ತಿರ ಬಂದು ನಿಂತು ಚಹಾ ತರಿಸಿದ.

ಭೀಮಶಾ ಅಂದು ಬಂದಿರಲಿಲ್ಲ. ಊರಿಗೆ ಹೋಗಿದ್ದಾನೆ ಎಂದರು. ಅವನದು ಮೊದಲೇ ‘ಉತ್ತಮ’ ಇತ್ತಲ್ಲ, ಅದನ್ನೇ ಹೊಸ ಪಟ್ಟಿಗೆ ಇಳಿಸಿದೆ. ಇದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ಕೆಟ್ಟದ್ದು. ಹೊಸ ಪಟ್ಟಿ ಡಾಕ್ಟರಮ್ಮನ ಮೇಜಿನ ಮೇಲೆ ಹೋದದ್ದು ಎರಡು ವಾರದ ಮೇಲೆ, ನಡುವೆ ಅವರಿಗೆ ಸೇಡಂ ಕಡೆ ಬೇರೆ ಕೆಲಸವಿತ್ತು. ಅವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ, ಒಂದು ಸಾಲಿನ ಮೇಲೆ ಬೆರಳಿಟ್ಟರು.

“ನಲವತ್ತು ಮಂದಿಗಿ ತಮ್ಮ ಕೈಲೆ ಕಚಗುಳಿ ಆಗ್ಲಿಲ್ಲ. ಇವಗೊಬ್ಬವಗ ಹ್ಯಾಂಗ ಆಯ್ತು?”

ಸುಡುವ ಕಲ್ಲಿನ ಮೇಲೆ ನಿಧಾನವಾಗಿ ನಡೆದುಬಂದ ಆ ಕಾಲುಗಳು ಕಣ್ಣ ಮುಂದೆ ಬಂದವು. ತನಗೇ ತಾನು ಆಡಿಸಿಕೊಂಡು ಅಷ್ಟು ನಗಬೇಕಾದರೆ ಅವನು ನಟಿಸಿರಬೇಕು. ನಟಿಸಬೇಕಾದರೆ ಅವನಿಗೆ ಮುಚ್ಚಿಡಲು ಏನೋ ಇರಬೇಕು. ನರ ಸತ್ತು ಆರು ತಿಂಗಳು ಕಳೆದರೆ ಬಹುಮಟ್ಟಿಗೆ ಮತ್ತೆ ಬದುಕುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿದ್ದೂ ಕಲ್ಲು ಕೊಯ್ದದ್ದೂ ತಿಳಿಯದೆ ಹುಣ್ಣಾಗಿ ಬೆರಳು ಒಂದೊಂದೇ ಹೋಗುತ್ತವೆ. ಅವನಿಗೆ ಎಷ್ಟು ತಿಂಗಳಾಗಿದೆಯೋ ಗೊತ್ತಿಲ್ಲ. ಅದರಲ್ಲಿ ಎರಡು ವಾರವನ್ನು ನಾನು ‘ಉತ್ತಮ’ ಎಂಬ ಶಬ್ದದ ಕೆಳಗೆ ಗೆರೆ ಎಳೆದು ಹಾಳುಮಾಡಿದ್ದೆ.

ಅಂದೇ ಚಿತ್ತಾಪುರದ ಮೇಲೆ ದಂಡೋತಿಗೆ ಹೋದೆ. ಅವನು ಮನೆಯಲ್ಲಿರಲಿಲ್ಲ. ಹೆಂಡತಿ ಶಾಂತಮ್ಮ, ಗಂಡ ಬಂದಾಗಿನಿಂದ ಕಾಗಿಣಾ ಹೊಳೆಯ ದಂಡೆಯಲ್ಲೇ ಇರುತ್ತಾನೆ, ಕೆಲಸಕ್ಕೆ ಹೋಗು ಅಂದರೆ ಮಾತೇ ಆಡುವುದಿಲ್ಲ ಎಂದಳು. ಹೋಗಿ ನೋಡಿದರೆ ಬೇಸಿಗೆಯ ಸಣ್ಣ ನೀರಿನಲ್ಲಿ ಎರಡೂ ಕಾಲು ಇಳಿಬಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದ. ನನ್ನ ಜೇಬಿನಲ್ಲಿ ಪುಕ್ಕ ಕಂಡ ಕೂಡಲೇ ಮುಖ ತಿರುಗಿಸಿದ. ನಾನೂ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಪಕ್ಕದಲ್ಲಿ ಕೂತೆ. ತಪ್ಪು ನನ್ನದು, ನಾನು ಮಾಡಿದ ತಪಾಸಣೆ ತಪಾಸಣೆಯೇ ಅಲ್ಲ, ಅದನ್ನು ಹೇಳಲು ಬಂದೆ ಎಂದೆ. ಅವನು ಎಡಗಾಲನ್ನು ನೀರಿನಿಂದ ಮೇಲೆತ್ತಿದ.

“ಸಂಕ್ರಮಣದಾಗ ಚಪ್ಪಲಿ ಕಾಲಿಂದ ಜಾರಿ ಬಿದ್ದದ ನೋಡ್ರಿ,” ಎಂದ. “ಹೊಲದ ತನಾ ಹೋದೆ, ಬರೇ ಒಂದರ ಮ್ಯಾಲೆ. ಹಿಂದ ಬರಾಕತ್ತವ್ರು ತಂದು ಕೊಟ್ರು. ನನಗ ಗೊತ್ತೇ ಆಗಿಲ್ಲ.”

ಸಂಕ್ರಮಣದಿಂದ ನಾನು ಬೆರಳು ಮಡಚಿದೆ. ನಾಲ್ಕು ತಿಂಗಳು. ಖಣಿಯಲ್ಲಿ ತಿಳಿದರೆ ಮುಂದಿನ ಮೂಲೆಯಿಂದ ತೆಗೆಯುತ್ತಾರೆ, ಆಮೇಲೆ ತಂಡದಿಂದಲೂ ತೆಗೆಯುತ್ತಾರೆ, ಆಮೇಲೆ ಊರು ದೂರ ಇಡುತ್ತದೆ ಎಂಬುದು ಅವನ ಭಯ. ಅದಕ್ಕೇ ಆ ದಿನ, ಚಪ್ಪಲಿ ಜಾರಿ ಗುಟ್ಟು ಬಯಲಾಗದಿರಲೆಂದು, ಬಲಗಾಲು ಸುಡುತ್ತಿದ್ದರೂ ಹಲ್ಲುಕಚ್ಚಿ ಬರಿಗಾಲಲ್ಲಿ ನಡೆದಿದ್ದ, ಪುಕ್ಕ ಕೈಗೆ ಬಂದಾಗ ನಕ್ಕಿದ್ದ. ಉಳಿದವರೆಲ್ಲ ಯಾಕೆ ಇಲ್ಲ ಎನ್ನುತ್ತಿದ್ದಾರೆಂದು ಅವನಿಗೆ ಅರ್ಥವೇ ಆಗಿರಲಿಲ್ಲವಂತೆ. ಕಡೆಗೆ, ಎಲ್ಲರಿಗೂ ತನ್ನ ಹಾಗೇ ಆಗಿದೆ, ತಾನೊಬ್ಬನೇ ಜಾಣ ಎಂದುಕೊಂಡಿದ್ದನಂತೆ. ಎರಡನೆಯ ದಿನ ನಾನೇ ಕಾಲು ಮುಟ್ಟಿ ನೋಡಲು ಬರುತ್ತೇನೆಂದು ಹಿಂದಿನ ಸಂಜೆ ಮೇಸ್ತ್ರಿಗೆ ಹೇಳಿ ಕಳಿಸಿದ್ದೆವು, ಅದು ತಿಳಿದು ನಸುಕಿನಲ್ಲೇ ಊರಿಗೆ ಓಡಿ ಬಂದಿದ್ದ.

ಅವನ ಟವೆಲಿನಿಂದಲೇ ಅವನ ಕಣ್ಣು ಕಟ್ಟಿದೆ. ಎಡಗಾಲು ನನ್ನ ತೊಡೆಯ ಮೇಲಿಟ್ಟುಕೊಂಡು ಒರೆಸಿ, ಪುಕ್ಕ ಆಡಿಸಿದೆ. ಹಿಮ್ಮಡಿಯಿಂದ ಬೆರಳವರೆಗೂ ಆಡಿಸಿದೆ. ಅವನು ಸುಮ್ಮನೆ ಕೂತೇ ಇದ್ದ, ಶುರು ಮಾಡ್ರಿ ಎಂದ. ನಾನು ಬಲಗಾಲು ತೆಗೆದುಕೊಂಡೆ. ಪುಕ್ಕ ತಾಗಿದ ಕ್ಷಣ ಅವನು ಒದ್ದ ಒದೆತಕ್ಕೆ ನನ್ನ ಕನ್ನಡಕ ಕಾಗಿಣಾ ಪಾಲಾಯಿತು. ಕಣ್ಣಿನ ಟವೆಲು ಕಿತ್ತು, ನಗುತ್ತಲೇ ನೀರಿಗಿಳಿದು ಹುಡುಕತೊಡಗಿದ. ನಡುವೆ, ಎಡಗಾಲಿನ ಸರದಿ ಆಗಲೇ ಮುಗಿದಿತ್ತೆಂದು ತಿಳಿಯಿತು, ನಗು ನಿಂತಿತು, ಮೊಣಕಾಲುದ್ದ ನೀರಿನಲ್ಲಿ ನಿಂತು ಅತ್ತ.

“ಹೆದರಬ್ಯಾಡಪ್ಪ, ಇನ್ನಾ ವ್ಯಾಳೆ ಅದ,” ಎಂದೆ.

ಡಾಕ್ಟರಮ್ಮ ನೋಡಿ ಅದೇ ರೋಗವೆಂದು ಖಚಿತಪಡಿಸಿದರು, ಗುಳಿಗೆ ಶುರುವಾಯಿತು. ತಿಂಗಳಿಗೊಂದು ಹಾಳೆ, ಮೊದಲ ಗುಳಿಗೆ ನಮ್ಮ ಕಣ್ಣೆದುರೇ ನುಂಗಬೇಕು. ಜೊತೆಗೆ ನರದ ಬಾವು ಇಳಿಸುವ ಬೇರೆ ಗುಳಿಗೆ. ಮೊದಲ ದಿನದ ಗುಳಿಗೆಗೆ ಮೂತ್ರ ಕೆಂಪಾಗುತ್ತದೆ ಎಂದು ಹೇಳುವುದನ್ನು ನಾನು ಮರೆತೆ. ಮರುದಿನ ಬೆಳಿಗ್ಗೆ ಶಾಂತಮ್ಮ ಗಂಡನನ್ನು ಎಳೆದುಕೊಂಡು ನಮ್ಮ ಮನೆಗೇ ಬಂದಳು, ಗಂಡನ ರಕ್ತವೆಲ್ಲ ಹೊರಗೆ ಹೋಗುತ್ತಿದೆ ಎಂದು ಬಾಗಿಲಲ್ಲೇ ಕೂತಳು. ನನ್ನ ಹೆಂಡತಿ ಅವಳಿಗೆ ಚಹಾ ಕೊಟ್ಟು ಸಮಾಧಾನ ಮಾಡಿ, ಆಮೇಲೆ ಒಳಗೆ ಕರೆದು ನನಗೆ ಏನು ಕೊಡಬೇಕೋ ಅದನ್ನು ಕೊಟ್ಟಳು. ಅಂದಿನಿಂದ ನಾನು ಯಾರಿಗೂ ಗುಳಿಗೆ ಕೊಡುವ ಮೊದಲು ಬಣ್ಣದ ಮಾತು ಹೇಳದೆ ಇಲ್ಲ. ನೀವೂ ಮರೆಯಬೇಡಿ.

ಖಣಿಯ ಮೇಸ್ತ್ರಿಯ ಹತ್ತಿರ ಡಾಕ್ಟರಮ್ಮನೇ ಬಂದರು. ಗುಳಿಗೆ ಶುರುವಾದ ಮೇಲೆ ಇದು ಒಬ್ಬರಿಂದ ಒಬ್ಬರಿಗೆ ಹರಡುವ ಭಯವಿಲ್ಲ ಎಂದು ಹೇಳಿ, ಅವನ ಎದುರಿಗೇ ಭೀಮಶಾನ ಲೋಟದಲ್ಲಿ ನೀರು ಕುಡಿದರು. ಮೇಸ್ತ್ರಿ ತಕರಾರು ಮಾಡಲಿಲ್ಲ. ಚಪ್ಪಡಿಯ ಅಂಚು ಕೆತ್ತುವ, ಕೂತು ಮಾಡುವ ಕೆಲಸ ಕೊಟ್ಟ. ಕಾಲಿಗೆ ಬೂಟು, ಸಂಜೆಗೊಮ್ಮೆ ಅಂಗಾಲು ನೋಡಿಕೊಳ್ಳಲು ಒಂದು ಸಣ್ಣ ಕನ್ನಡಿ. ಆದರೆ ಅವನಿಗೆ ಬೇಕಾಗಿದ್ದದ್ದು ಆ ಮುಂದಿನ ಮೂಲೆ. ಪ್ರತಿ ತಿಂಗಳು ಗುಳಿಗೆಗೆ ಬಂದಾಗ ಕೇಳದೆಯೇ ಕಾಲು ಚಾಚಿ ಕಣ್ಣು ಮುಚ್ಚುತ್ತಿದ್ದ. ನಾನು ಪುಕ್ಕ ಆಡಿಸಿ ಕಾಲಂ ಖಾಲಿ ಬಿಡುತ್ತಿದ್ದೆ. ಎರಡನೆಯ ತಿಂಗಳು ಏನೂ ಇಲ್ಲ. ಮೂರನೆಯ ತಿಂಗಳು ಅವನು ನನ್ನನ್ನು ಸಮಾಧಾನ ಮಾಡಲು ಮತ್ತೆ ಸುಳ್ಳು ನಗು ನಕ್ಕ. ಪುಕ್ಕ ಆಗ ನನ್ನ ಜೇಬಿನಲ್ಲೇ ಇತ್ತು. ಹಾಗೆ ಮಾಡಬೇಡ ಎಂದು ಗದರಿದೆ, ಅವನ ಕಣ್ಣು ತಪ್ಪಿಸಿ ಹೊರಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಐದನೆಯ ತಿಂಗಳು ಪುಕ್ಕ ಅಂಗಾಲಿನ ನಡುವೆ ಹೋದಾಗ ಅವನ ಕಿರುಬೆರಳು ಒಮ್ಮೆ ಮಡಚಿತು.

“ಏನೋ ಇರಿವಿ ಹರದಂಗ ಆಗ್ಲಿಕತ್ತದ್ರಿ,” ಎಂದ. ದನಿ ಬಹಳ ಸಣ್ಣದಾಗಿತ್ತು.

ಮರು ತಿಂಗಳು ಅವನು ನನ್ನ ಗದ್ದಕ್ಕೆ ಎಡಗಾಲಿನಿಂದ ಒದ್ದ. ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ ಬಂತು. ಡಾಕ್ಟರಮ್ಮ ಒಳಗಿನಿಂದ ಓಡಿ ಬಂದು ಯಾರಿಗೆ ಏನಾಯಿತು ಎಂದು ಕೇಳಿದರೆ ನಾವಿಬ್ಬರೂ ನೆಲದ ಮೇಲೆ ಕೂತು ನಗುತ್ತಿದ್ದೆವು. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ಸಂತೋಷದ ದಿನ ಇನ್ನೊಂದಿಲ್ಲ. ಚಿಕಿತ್ಸೆ ಪೂರ್ತಿ ಮುಗಿದ ಮೇಲೆ ಅವನು ಮುಂದಿನ ಮೂಲೆಗೆ ಹೋದ, ಬೂಟು ಹಾಕಿಕೊಂಡೇ ಹೋದ.

ಆಮೇಲೆ ಪದ್ಧತಿಗಳು ಬದಲಾದವು. ಪುಕ್ಕ ಹೋಗಿ ಬಾಲ್‌ಪೆನ್ನಿನ ತುದಿ ಬಂತು, ಅದು ಹೋಗಿ ಬೇರೆ ಬೇರೆ ದಪ್ಪದ ನೈಲಾನ್ ಎಳೆಗಳು ಬಂದವು. ಎಳೆ ಬಾಗುವಷ್ಟು ಒತ್ತಬೇಕು, ಹೆಚ್ಚಿಲ್ಲ, ಕಡಿಮೆಯಿಲ್ಲ. ಪುಕ್ಕಕ್ಕಿಂತ ಅದು ಮೇಲು, ಅದರಲ್ಲಿ ವಾದವೇ ಇಲ್ಲ. ಕಚಗುಳಿ ಆಯಿತೇ ಎಂದು ಕೇಳುವುದೇ ತಪ್ಪು, ಮುಟ್ಟಿದ್ದು ಎಲ್ಲಿ ಎಂದು ತೋರಿಸಲು ಹೇಳಬೇಕು. ಕಚಗುಳಿಯೇ ಆಗದ ಗಟ್ಟಿ ಆರೋಗ್ಯದ ಮಂದಿಯೂ ಇದ್ದಾರೆ, ನಮ್ಮ ಬೀಗರು ಅವರಲ್ಲೊಬ್ಬರು. ಆದರೂ ಮೊದಲು ಪುಕ್ಕದಿಂದ ನಗಿಸಿ, ಆಮೇಲೆ ಎಳೆ ತೆಗೆಯುತ್ತಿದ್ದೆ. ನಿವೃತ್ತಿಯ ಹತ್ತಿರದ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯವರ ಸಾಲೇ ಉದ್ದವಾಯಿತು. ರೋಗ ಬೇರೆ, ಕಾಲು ಜೋಮು ಹಿಡಿಯುವ ಭಯ ಅದೇ.

ಈ ವಿಷಯದ ಹುಚ್ಚು ಮಾತ್ರ ನನ್ನನ್ನು ಬಿಡಲಿಲ್ಲ. ಎಲ್ಲೋ ಓದಿದೆ, ಒಂದು ಯಂತ್ರದ ಹಿಡಿಕೆಯನ್ನು ನೀವೇ ಆಡಿಸಿ, ಅದರ ಇನ್ನೊಂದು ತುದಿ ನಿಮ್ಮ ಅಂಗೈಯನ್ನು ಸ್ವಲ್ಪ ತಡವಾಗಿ ಸವರುವಂತೆ ಮಾಡಿದರೆ ನಿಮಗೆ ನೀವೇ ಕಚಗುಳಿ ಇಟ್ಟುಕೊಳ್ಳಬಹುದಂತೆ. ಕಿರುಮೆದುಳಿನ ಅಂದಾಜು ತಪ್ಪುತ್ತದೆ, ಅಷ್ಟೇ. ಯಂತ್ರ ಬೇಡದ ದಾರಿಯೂ ಒಂದಿದೆ. ನಾಲಿಗೆಯ ತುದಿಯಿಂದ ಬಾಯಿಯ ಅಂಗುಳನ್ನು ಮೆಲ್ಲಗೆ ಸವರಿ ನೋಡಿ, ಸಣ್ಣಗೆ ಜುಮ್ಮೆನ್ನುತ್ತದೆ. ಇದನ್ನು ಓದುತ್ತಿರುವವರೆಲ್ಲ ಈಗ ಅದನ್ನೇ ಮಾಡುತ್ತಿದ್ದೀರಿ, ನನಗೆ ಗೊತ್ತು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಹೇಳಲು ನಾಚಿಕೆಯಾಗುತ್ತದೆ. ನಿವೃತ್ತನಾದ ಮರುವರ್ಷ ನನಗೇ ಸಕ್ಕರೆ ಬಂತು. ವರ್ಷಕ್ಕೊಮ್ಮೆ ಕಾಲು ತೋರಿಸಬೇಕೆಂದು ನೂರಾರು ಜನಕ್ಕೆ ಹೇಳಿದವನು ನಾನು ಒಮ್ಮೆಯೂ ತೋರಿಸಲಿಲ್ಲ. ನನಗಿಂತ ಚೆನ್ನಾಗಿ ನೋಡುವವರು ಯಾರಿದ್ದಾರೆ ಎಂಬ ಜಂಬ. ಪ್ರತಿ ಭಾನುವಾರ ಚಿತ್ತಾಪುರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಾನೇ ನನ್ನ ಅಂಗಾಲಿಗೆ ಪುಕ್ಕ ಆಡಿಸಿಕೊಂಡು, ಪುಕ್ಕ ಎಲ್ಲಿ ತಾಗಿತೆಂದು ನನ್ನ ಕಣ್ಣಿನಿಂದಲೇ ನೋಡಿಕೊಂಡು, ಡೈರಿಯಲ್ಲಿ ‘ಉತ್ತಮ’ ಎಂದು ಬರೆಯುತ್ತಿದ್ದೆ.

ಮೊನ್ನೆ ಹಾಗೆ ಕೂತಿದ್ದಾಗ ಭೀಮಶಾ ಬಂದ. ಈಗ ಅವನಿಗೆ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಸ್ವಂತ ಯಂತ್ರವಿದೆ, ತಲೆ ಅರ್ಧ ಬೆಳ್ಳಗಾಗಿದೆ. ಬಾಗಿಲಲ್ಲಿ ನಿಂತು ನಾನು ಮಾಡುವುದನ್ನು ಪೂರ್ತಿ ನೋಡಿದ. ಬಂದು ನನ್ನ ಕೈಯಿಂದ ಪುಕ್ಕ ಕಿತ್ತುಕೊಂಡು ಕೆಳಗೆ ಕೂತ. ನಾನು ಕಾಲು ಹಿಂದಕ್ಕೆಳೆದುಕೊಂಡೆ.

“ಮೊದಲ ಆಶೀರ್ವಾದ ಮಾಡ್ರಿ,” ಎಂದು ತಲೆ ಬಗ್ಗಿಸಿದ. “ಹಾಂ, ಈಗ ಕಣ್ಣ ಮುಚ್ರಿ ಸಾಬ್ರ.”

ಮುಚ್ಚಿದೆ. ಒಳಗೆ ಹೆಂಡತಿ ಚಹಾ ಸೋಸುವ ಸದ್ದು ಕೇಳುತ್ತಿತ್ತು. ಕಾದೆ. ಇವನು ಬೇಕೆಂದೇ ಆಟ ಆಡಿಸುತ್ತಿದ್ದಾನೆ ಎನಿಸಿತು.

“ಶುರು ಮಾಡಪ್ಪ,” ಎಂದೆ.



“ಹೆಬ್ಬೆರಳಿಂದು ಮೂರ್ ಸಲ ಆಯ್ತ್ರಿ,” ಎಂದ.

ಕಾಗಿಣಾ ಹೊಳೆಯಲ್ಲಿ ಅವನಿಗೆ ಆಗಿದ್ದು ನನಗೂ ಆಯಿತು. ಹೆದರಿದೆ, ಕಣ್ಣು ಬಿಡಲು ಮನಸ್ಸಾಗಲಿಲ್ಲ. ಬಿಡಬ್ಯಾಡ್ರಿ, ಇನ್ನಾ ಅದ, ಎಂದು ಅವನು ಪುಕ್ಕವನ್ನು ಬೆರಳುಗಳಿಂದ ಕೆಳಗೆ ಇಳಿಸಿಕೊಂಡು ಬಂದಿರಬೇಕು. ಅಂಗಾಲಿನ ನಡುವೆ ಅದು ತಾಗಿದ್ದೇ ತಡ, ನನ್ನ ಕಾಲು ತಾನಾಗಿ ಎಗರಿತು, ಆಗಷ್ಟೇ ಹೆಂಡತಿ ತಂದಿಟ್ಟ ಚಹಾ ಅವನ ಬಿಳಿ ಅಂಗಿಯ ಮೇಲೆ ಹೋಯಿತು. ಅವನು ಅಂಗಿ ಝಾಡಿಸುತ್ತ ನಕ್ಕ, ನಾನು ನಕ್ಕೆ, ಏನಾಯಿತೆಂದು ತಿಳಿಯದೆ ಹೆಂಡತಿಯೂ ನಕ್ಕಳು. ಭೀಮಶಾ ಪುಕ್ಕವನ್ನು ನನ್ನ ಜೇಬಿಗೆ ಸಿಕ್ಕಿಸದೆ ತನ್ನ ಜೇಬಿಗೆ ಸಿಕ್ಕಿಸಿಕೊಂಡ.

“ಹೆದರಬ್ಯಾಡ್ರಿ, ಇನ್ನಾ ವ್ಯಾಳೆ ಅದ,” ಎಂದ. “ನಾಳಿ ಮುಂಜಾನಿ ದವಾಖಾನಿಗಿ ಹೋಗೂಣು, ನಾ ಬರ್ತೀನಿ. ನೀವು ದಂಡೋತಿಗಿ ಓಡಿ ಹೋಗಬ್ಯಾಡ್ರಿ.”